ಕರಾವಳಿಯ ಹಳೆ ಮನೆಗೆ ಹೊಸ ಕರೆಂಟ್ ಬೋರ್ಡು: ನೆಲದಿಂದ ಶುರು ಮಾಡಿ

ಬೋರ್ಡು ಬದಲಾಯಿಸಬೇಕು ಅಂತ ಫೋನ್ ಮಾಡುವವರು ಮೊದಲು ಕೇಳುವುದು ಒಂದೇ ಮಾತು: "ಯಾವ ಕಂಪನಿದು ಹಾಕ್ತೀರಿ?" ನಾನು ತಿರುಗಿ ಕೇಳುವುದೂ ಒಂದೇ: "ಮನೆಯ ಅರ್ಥಿಂಗ್ ಎಲ್ಲಿದೆ?" ಅರ್ಥಿಂಗ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಆ ಪ್ರಶ್ನೆಗೆ ಜಾಸ್ತಿ ಜನ ಸುಮ್ಮನಾಗುತ್ತಾರೆ. "ಬಾವಿಕಟ್ಟೆ ಹತ್ರ ಏನೋ ಹುಗಿದಿದ್ರು, ಅಪ್ಪ ಇದ್ದಾಗ" ಅನ್ನುತ್ತಾರೆ. ಹಾಗಾಗಿ ಈ ಬರಹದಲ್ಲೂ ಬೋರ್ಡಿನ ಸರದಿ ಕೊಂಚ ತಡವಾಗಿಯೇ ಬರುತ್ತದೆ.

ಕುಮಟಾದಲ್ಲಿ ನನ್ನದು ಎಲೆಕ್ಟ್ರಿಕಲ್ ಕಂತ್ರಾಟಿನ ಕೆಲಸ. ಅಂಕೋಲೆಯಿಂದ ಹೊನ್ನಾವರದವರೆಗೆ ಓಡಾಡುತ್ತೇನೆ. ಹೊಸ ಮನೆಗಿಂತ ಹಳೆ ಹೆಂಚಿನ ಮನೆಗಳ ಕೆಲಸವೇ ಈಗ ಹೆಚ್ಚು. ಮುಂಬೈ, ಗೋವಾ, ದುಬೈ ಅಂತ ಹೋದ ಮಕ್ಕಳು ಊರಿಗೆ ಬರುತ್ತಾರೆ. ಎಸಿ ಬೇಕು, ಗೀಸರ್ ಬೇಕು, ಇಂಡಕ್ಷನ್ ಒಲೆ ಬೇಕು. ಬೋರ್ಡು ಮಾತ್ರ ಅಜ್ಜನ ಕಾಲದ್ದು. ಒಂದು ಮರದ ಹಲಗೆ, ಮೇಲೆ ಎರಡು ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸು, ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಮೇನ್ ಸ್ವಿಚ್ಚು. ಫ್ಯೂಸ್ ಕಿತ್ತು ನೋಡಿದರೆ ಒಳಗೆ ಫ್ಯೂಸ್ ವೈರೇ ಇರುವುದಿಲ್ಲ, ನಾಲ್ಕೈದು ಎಳೆ ತಾಮ್ರ ಒಟ್ಟಿಗೆ ಹೊಸೆದು ಸುತ್ತಿರುತ್ತಾರೆ. ಅದು ಯಾವತ್ತೂ ಹೋಗುವುದಿಲ್ಲ. ಮನೆ ಹೊತ್ತಿದರೂ ಹೋಗುವುದಿಲ್ಲ.

ಅಂಥ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ವೈರ್‌ಮನ್ ಮಾಡಲಿ. ಏನು ಕೇಳಬೇಕು, ಎಲ್ಲಿ ನಿಂತು ನೋಡಬೇಕು ಎನ್ನುವುದು ನಿಮಗೆ ಗೊತ್ತಿದ್ದರೆ ಸಾಕು. ಒಂದು ಮಾತು ಮೊದಲೇ ಹೇಳುತ್ತೇನೆ: ಬೆಂಗಳೂರಿನ ಫ್ಲ್ಯಾಟಿನ ಬೋರ್ಡಿನ ಫೋಟೋ ತೋರಿಸಿ "ಹೀಗೇ ಮಾಡಿ" ಅನ್ನಬೇಡಿ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಉಪ್ಪುಗಾಳಿ, ಮುಂಗಾರಿಗೆ ಮುಂಚಿನ ಸಿಡಿಲು, ಇವು ಮೂರನ್ನೂ ತಡೆಯುವ ಬೋರ್ಡು ನಮಗೆ ಬೇಕು.

ಲೋಡಿನ ಲೆಕ್ಕ

ನಮ್ಮ ಕಡೆಗೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂ, ಅದರ ಬಿಲ್ಲು ತೆಗೆದು ನೋಡಿ. ನಿಮ್ಮ ಆರ್‌ಆರ್ ನಂಬರಿಗೆ (ಸಂಪರ್ಕದ ನಂಬರ್) ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಅದರಲ್ಲೇ ಇರುತ್ತದೆ. ಹಳೆ ಮನೆಗಳಲ್ಲಿ ಒಂದೋ ಎರಡೋ ಇರುವುದೇ ಹೆಚ್ಚು. ಆಮೇಲೆ ಮನೆಯಲ್ಲಿರುವ, ಮುಂದೆ ತರಬೇಕೆಂದಿರುವ ಸಾಮಾನುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ.

ಅಂಕೋಲೆ ಕಡೆ ರಿಟೈರ್ ಆದ ಅಕ್ಕೋರೊಬ್ಬರ (ಶಾಲೆಯ ಟೀಚರು) ಮನೆಯ ಪಟ್ಟಿ ಹೀಗಿತ್ತು. ಗೀಸರ್ 2000 ವ್ಯಾಟ್, ಒಂದೂವರೆ ಟನ್ ಎಸಿ 1600, ಇಂಡಕ್ಷನ್ 1800, ಇಸ್ತ್ರಿ ಪೆಟ್ಟಿಗೆ 1000, ಮಿಕ್ಸರ್ 750, ಬಾವಿಯ ಒಂದು ಎಚ್‌ಪಿ ಪಂಪು 750, ವಾಷಿಂಗ್ ಮಷಿನ್ 500, ಫ್ಯಾನುಗಳೆಲ್ಲ ಸೇರಿ 450, ಫ್ರಿಜ್ 200, ದೀಪಗಳು 110, ಟಿವಿ 100. ಕೂಡಿದರೆ 9260 ವ್ಯಾಟ್. ಅಕ್ಕೋರು ಹೌಹಾರಿದರು. "ಅಲ್ಲ ಮಾರಾಯಾ, ಇಷ್ಟೆಲ್ಲ ಒಟ್ಟಿಗೆ ಹಾಕಿಕೊಂಡು ಕೂರುವವರು ಯಾರು?"

ಕೇಳಬೇಕಾದ ಪ್ರಶ್ನೆಯೇ ಅದು. ಮನೆಯಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುವ ಹೊತ್ತು ಯಾವುದು ಅಂತ ಯೋಚಿಸಿ. ಅವರ ಮನೆಯಲ್ಲಿ ಬೆಳಿಗ್ಗೆ ಏಳರ ಹೊತ್ತು. ಬಚ್ಚಲಲ್ಲಿ ಗೀಸರ್, ಒಳಗೆ ಇಂಡಕ್ಷನ್ ಮೇಲೆ ಇಡ್ಲಿ, ಮಿಕ್ಸರಿನಲ್ಲಿ ಚಟ್ನಿ, ಹಿತ್ತಲಲ್ಲಿ ಪಂಪು, ಜೊತೆಗೆ ಫ್ರಿಜ್ಜು, ನಾಲ್ಕು ಫ್ಯಾನು. ಒಟ್ಟು 5800 ವ್ಯಾಟ್. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 25 ಆಂಪಿಯರ್. ಮಂಜೂರಾಗಿದ್ದು ಎರಡು ಕಿಲೋವ್ಯಾಟ್, ಅಂದರೆ ಒಂಬತ್ತು ಆಂಪಿಯರ್ ಕೂಡ ಇಲ್ಲ. ಪಂಪು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಪಂಪು ಹಾಕಿದಾಗ ದೀಪ ಮಂಕಾಗುತ್ತದೆ ಅಂತ ಅಕ್ಕೋರು ದೂರುತ್ತಿದ್ದುದಕ್ಕೆ ಹಳೆ ಸಣ್ಣ ವೈರಿನ ಜೊತೆ ಇದೂ ಕಾರಣ.

ಮಂಜೂರಾದ ಲೋಡಿಗಿಂತ ಜಾಸ್ತಿ ಬಳಸಿದರೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅದನ್ನು ಅನಧಿಕೃತ ಬಳಕೆ ಅಂತ ಎಣಿಸಬಹುದು, ದಂಡ ಕಟ್ಟಬೇಕಾಗಬಹುದು. ಲೋಡ್ ಏರಿಸಿದರೆ ತಿಂಗಳ ನಿಗದಿ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುವುದೂ ನಿಜ. ಎರಡನ್ನೂ ತೂಗಿ ನೋಡಿ. ನನ್ನ ಸಲಹೆ: ಕಾಗದದಲ್ಲಿ ಕಡಿಮೆ ತೋರಿಸಿ ಉಳಿಸುವ ದುಡ್ಡು ಲಾಭದ್ದಲ್ಲ.

ಸಿಂಗಲ್ ಫೇಸ್ (ಕರೆಂಟ್ ತರುವ ಒಂದೇ ವೈರಿನ ಸಂಪರ್ಕ) ಕೊಡಲು ಒಂದು ಮಿತಿ ಇದೆ, ಅದನ್ನು ದಾಟಿದರೆ ತ್ರೀ ಫೇಸ್ (ಅಂಥ ಮೂರು ವೈರಿನದು) ತೆಗೆದುಕೊಳ್ಳಬೇಕು. ನಿಮ್ಮ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ, ಯಾಕಂದರೆ ಕಂಬದಿಂದ ಬರುವ ಸರ್ವಿಸ್ ವೈರಿನಿಂದ ಹಿಡಿದು ಬೋರ್ಡಿನವರೆಗೆ ಎಲ್ಲ ಬದಲಾಗುತ್ತದೆ. ತ್ರೀ ಫೇಸ್ ತೆಗೆದುಕೊಂಡವರು ವೋಲ್ಟೇಜ್ ಮಿತಿ ಮೀರಿದರೆ ಕರೆಂಟ್ ಕಡಿಸುವ ಓವರ್ ವೋಲ್ಟೇಜ್ ರಿಲೇ ಒಂದನ್ನು ಹಾಕಿಸಿಕೊಳ್ಳಿ. ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಲೈನಿನ ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ವೈರ್) ಕಡಿದರೆ, 230 ಬರಬೇಕಾದ ಜಾಗಕ್ಕೆ 400 ವೋಲ್ಟಿನ ಹತ್ತಿರ ಬಂದು ಟಿವಿ, ಫ್ರಿಜ್ಜು ಒಂದೇ ಏಟಿಗೆ ಸುಡುತ್ತವೆ.

ನೆಲದ ಕೆಲಸ

ಹಳೆ ಮನೆಗಳ ಮಾಮೂಲಿ ಕಥೆ ಇದು. ಹಿಂದೆ ಬಾವಿಯಿಂದ ಟಾಂಕಿಗೆ ಜಿಐ ಪೈಪು (ಸತುವಿನ ಲೇಪದ ಕಬ್ಬಿಣದ್ದು) ಇರುತ್ತಿತ್ತು. ಅರ್ಥ್ ವೈರನ್ನು ಆ ಪೈಪಿಗೇ ಸುತ್ತಿ ಬಿಡುತ್ತಿದ್ದರು. ಪೈಪು ನೆಲದಲ್ಲಿ ಹೂತಿದ್ದರಿಂದ ಹೇಗೋ ನಡೆಯುತ್ತಿತ್ತು. ಮುಂದೆ ಪೈಪಿಗೆ ತುಕ್ಕು ಹಿಡಿಯಿತು, ಪ್ಲಂಬರ್ ಬಂದು ಪಿವಿಸಿ ಹಾಕಿ ಹೋದ. ಅಂದಿನಿಂದ ಮನೆಗೆ ಅರ್ಥಿಂಗ್ ಇಲ್ಲ. ಮೂರು ಪಿನ್ನಿನ ಸಾಕೆಟ್ ಇದೆ, ಗೋಡೆಯೊಳಗೆ ಹಸಿರು ವೈರೂ ಇದೆ, ಅದರ ತುದಿ ಮಾತ್ರ ಪ್ಲಾಸ್ಟಿಕ್ ಪೈಪಿನ ಪಕ್ಕ ನೇತಾಡುತ್ತಿದೆ. ಮನೆಯವರಿಗೆ ಇದು ತಿಳಿಯುವುದು ಜುಲೈಯಲ್ಲಿ, ಒದ್ದೆ ಕೈಯಲ್ಲಿ ವಾಷಿಂಗ್ ಮಷಿನ್ ಮುಟ್ಟಿ ಜುಂ ಅಂದ ಮೇಲೆ.

ನಮ್ಮ ಕಡೆ ನೆಲ ಎರಡು ನಮೂನೆ. ಒಂದು ಕಡಲ ಬದಿಯ ಹೊಯ್ಗೆ (ಮರಳು) ನೆಲ. ನಾಲ್ಕೈದು ಅಡಿ ಇಳಿದರೆ ತೇವ ಸಿಗುತ್ತದೆ, ಉಪ್ಪೂ ಇರುತ್ತದೆ. ಅರ್ಥ್ ರೀಡಿಂಗ್ ಚೆನ್ನಾಗಿ ಬರುತ್ತದೆ. ಆದರೆ ಅದೇ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಜಿಐ ಪೈಪಿನ ಸತುವಿನ ಲೇಪ ಹೋಗಿ ಕೆಂಪು ಪುಡಿಯಾಗಿ ಉದುರುವುದನ್ನು ಕಾರವಾರದ ಕಡಲ ಪಕ್ಕದ ಮನೆಗಳಲ್ಲಿ ನೋಡಿದ್ದೇನೆ. ಇನ್ನೊಂದು ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ) ನೆಲ, ದಿಬ್ಬದ ಮೇಲಿನ ಮನೆಗಳದ್ದು. ಘಟ್ಟ ಹತ್ತಿ ಶಿರಸಿ ಕಡೆ ಹೋದರೂ ಇದೇ ಗೋಳು. ಮಳೆಗಾಲದಲ್ಲಿ ನೀರು ಕುಡಿದು ತಣ್ಣಗಿರುತ್ತದೆ, ಏಪ್ರಿಲ್‌ಗೆ ಬಂದರೆ ಒಣಗಿ ಗಟ್ಟಿ ಕಲ್ಲು. ಒಣ ಕಲ್ಲಿನಲ್ಲಿ ಕರೆಂಟ್ ಹರಿಯುವುದು ಕಷ್ಟ.

ಅದಕ್ಕೇ ಅರ್ಥಿಂಗ್ ಅಳತೆಯನ್ನು ಏಪ್ರಿಲ್ ಕೊನೆಯಲ್ಲೋ ಮೇ ಮೊದಲಲ್ಲೋ ಮಾಡಿಸಿ. ಆಗಸ್ಟಿನಲ್ಲಿ ಅಳೆದರೆ ಯಾವ ಗುಂಡಿಯೂ ಚಂದವೇ ಕಾಣುತ್ತದೆ. ಅಳೆಯುವುದು ಅರ್ಥ್ ಟೆಸ್ಟರಿನಿಂದ. ಎರಡು ಸಣ್ಣ ಸಲಾಕೆಗಳನ್ನು ದೂರ ದೂರ ನೆಲಕ್ಕೆ ಬಡಿದು, ವೈರ್ ಎಳೆದು, ಓಮ್ ಲೆಕ್ಕದಲ್ಲಿ ರೀಡಿಂಗ್ ತೆಗೆಯಬೇಕು. ಫೇಸಿಗೂ (ಕರೆಂಟ್ ಬರುವ ವೈರಿಗೂ) ಅರ್ಥಿಗೂ ಬಲ್ಬ್ ಹಿಡಿದು "ಉರೀತು ನೋಡಿ, ಅರ್ಥಿಂಗ್ ಫಸ್ಟ್ ಕ್ಲಾಸ್" ಅನ್ನುವವರ ಮಾತು ನಂಬಬೇಡಿ. ಸಣ್ಣ ಬಲ್ಬಿಗೆ ಕಾಲು ಆಂಪಿಯರ್ ಸಾಕು, ಹಾಳಾದ ಅರ್ಥಿಂಗಿನಲ್ಲೂ ಅದು ಉರಿಯುತ್ತದೆ.

ರೀಡಿಂಗ್ ಎಷ್ಟಿರಬೇಕು? ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. 5 ಓಮ್ ಒಳಗೆ ಬಂದರೆ ನನಗೆ ಸಮಾಧಾನ. ಚಿರೇಕಲ್ಲಿನಲ್ಲಿ ಒಂದೇ ಗುಂಡಿಯಿಂದ ಅದು ಬರುವುದು ಅಪರೂಪ. ಎರಡು ಗುಂಡಿ ಮಾಡಿ ಜೋಡಿಸಬೇಕಾಗುತ್ತದೆ. ಎರಡರ ನಡುವೆ ಕಡೇಪಕ್ಷ ಪೈಪಿನ ಉದ್ದದಷ್ಟು ದೂರ ಬಿಡಿ, ಅದರ ಎರಡರಷ್ಟು ಬಿಟ್ಟರೆ ಇನ್ನೂ ಒಳ್ಳೆಯದು. ಮನೆ ಗೋಡೆಯಿಂದ ಒಂದೂವರೆ ಮೀಟರ್ ಆಚೆಗಿರಲಿ. ಬಚ್ಚಲ ನೀರು ಹರಿಯುವ ಬಾಳೆಗಿಡದ ಸಾಲು ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಬೇಸಿಗೆಯಲ್ಲೂ ತೇವ ಇರುತ್ತದೆ.

ಹಳೆ ಪದ್ಧತಿಯಲ್ಲಿ 2.5 ಮೀಟರ್ ಉದ್ದದ, 40 ಮಿಲಿಮೀಟರ್ ಜಿಐ ಪೈಪು ಹುಗಿದು ಸುತ್ತ ಇದ್ದಿಲು, ಉಪ್ಪು ತುಂಬುತ್ತಿದ್ದರು. ತಪ್ಪೇನಿಲ್ಲ. ಆದರೆ ನಮ್ಮ ಮಳೆಗೆ ಉಪ್ಪು ಕೆಲವೇ ವರ್ಷದಲ್ಲಿ ತೊಳೆದು ಹೋಗುತ್ತದೆ. ಇರುವಷ್ಟು ದಿನ ಪೈಪನ್ನು ತಿನ್ನುತ್ತದೆ, ಬಾವಿ ಹತ್ತಿರವಿದ್ದರೆ ನೀರಿಗೂ ಇಳಿಯುತ್ತದೆ. ನಾನೀಗ ತಾಮ್ರದ ದಪ್ಪ ಲೇಪ ಇರುವ ರಾಡು ಹಾಕಿ ಸುತ್ತ ತೇವ ಹಿಡಿದಿಡುವ ಬೆಂಟೋನೈಟ್ ಮಣ್ಣು ತುಂಬುತ್ತೇನೆ. ಖರ್ಚು ಜಾಸ್ತಿ, ಆದರೆ ಮತ್ತೆ ಮತ್ತೆ ಅಗೆಯುವ ಕೆಲಸ ಇಲ್ಲ. ಮೇಲೆ ಸಿಮೆಂಟಿನ ಸಣ್ಣ ಚೇಂಬರ್ ಕಟ್ಟಿ ಮುಚ್ಚಳ ಇಡಿಸಿ. ಗುಂಡಿಯಿಂದ ಬೋರ್ಡಿನವರೆಗೆ ಬರುವ ಅರ್ಥ್ ವೈರ್ ಮೇನ್ ವೈರಿನಷ್ಟೇ ದಪ್ಪ ಇರಲಿ, ಪೈಪಿನೊಳಗೆ ಬರಲಿ. ಕತ್ತಿ, ಹಾರೆ ತಾಗುವ ಜಾಗದಲ್ಲಿ ಬರಿ ವೈರ್ ಬಿಡಬೇಡಿ.

ಈಗ ಒಂದು ಲೆಕ್ಕ ನೋಡಿ. ನಿಮ್ಮ ಅರ್ಥಿಂಗ್ 20 ಓಮ್ ಇದೆ ಅಂದುಕೊಳ್ಳಿ. ಗೀಸರಿನೊಳಗೆ ಫೇಸ್ ವೈರ್ ಹೋಗಿ ಅದರ ಲೋಹದ ಬಾಡಿಯನ್ನು ತಾಗಿತು. ನೆಲಕ್ಕೆ ಹರಿಯುವ ಕರೆಂಟ್ 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. ನೀವು ಹಾಕಿಸಿದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್ಚು) 16 ಅಥವಾ 20 ಆಂಪಿಯರಿನದು. ಅದು ಬೀಳುವುದೇ ಇಲ್ಲ! ಗೀಸರಿನ ಬಾಡಿಯಲ್ಲಿ ಕರೆಂಟ್ ನಿಂತೇ ಇರುತ್ತದೆ, ಮೀಟರ್ ಓಡುತ್ತಿರುತ್ತದೆ. ಎಷ್ಟು ದುಬಾರಿ ಎಂಸಿಬಿ ಹಾಕಿದರೂ ಇದು ಬದಲಾಗುವುದಿಲ್ಲ. ಇಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಅದು ಕಡಿಯುತ್ತದೆ. ಹನ್ನೊಂದೂವರೆ ಆಂಪಿಯರ್ ಎಲ್ಲಿ, 30 ಮಿಲಿಆಂಪಿಯರ್ ಎಲ್ಲಿ! ಮನೆಗಳಿಗೆ ಈ 30ರ ಮಿತಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೇ ಹೇಳುತ್ತವೆ. ಅಂಗಡಿಯವರು 100 ಮಿಲಿಆಂಪಿಯರಿಂದು ಕೊಟ್ಟು "ಇದು ಸುಮ್ನೆ ಸುಮ್ನೆ ಬೀಳಲ್ಲ" ಅಂದರೆ ವಾಪಸು ಕೊಡಿ.

ಬೋರ್ಡು ಎಲ್ಲಿ, ಒಳಗೇನು

ಪಡುವಣ ಗೋಡೆ ಬೇಡ. ಮಳೆಯ ಇರಚಲು ಹೊಡೆಯುವುದು ಆ ಕಡೆಯಿಂದಲೇ. ಚಿರೇಕಲ್ಲಿನ ಗೋಡೆ ನೀರು ಹೀರಿ ಒಳಬದಿಗೆ ಬೆವರುತ್ತದೆ, ಅದರಲ್ಲಿ ಹೂತ ಬೋರ್ಡು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಬಚ್ಚಲ ಗೋಡೆಯ ಬೆನ್ನಿಗೂ ಬೇಡ, ಕಟ್ಟಿಗೆ ಒಲೆಯ ಹೊಗೆ ತಾಗುವಲ್ಲೂ ಬೇಡ. ಒಳಗಿನ ನಡುಗೋಡೆ ಸರಿಯಾದ ಜಾಗ, ಕೈಗೆ ಸಿಗುವ ಎತ್ತರದಲ್ಲಿ. ಮೀಟರ್ ಮಾತ್ರ ಹೊರಗೆ, ರೀಡರ್ ಬಂದರೆ ಕಾಣುವ ಹಾಗೆ, ಮಾಡಿನ ಆಸರೆಯಲ್ಲಿ ಇರಲಿ. ಅಲ್ಲಿಂದ ಒಳಗೆ ಬರುವ ಪೈಪು ಹೊರಕ್ಕೆ ಇಳಿಜಾರಾಗಿರಬೇಕು. ಇಲ್ಲದಿದ್ದರೆ ಪೈಪಿನೊಳಗೇ ನೀರು ಹರಿದು ಸೀದಾ ಬೋರ್ಡಿಗೆ ಬರುತ್ತದೆ. ಹೊರಗಿಂದ ಬರುವ ಕೇಬಲ್ಲನ್ನು ಬೋರ್ಡಿಗೆ ಆದಷ್ಟು ಕೆಳಗಿನಿಂದಲೇ ಏರಿಸಿ.

ಬೋರ್ಡಿನೊಳಗೆ ನಾನು ಹಾಕುವ ಕ್ರಮ ಹೀಗಿದೆ. ಮೊದಲು 40 ಆಂಪಿಯರಿನ ಡಬಲ್ ಪೋಲ್ ಎಂಸಿಬಿ, ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಅದರ ಬೆನ್ನಿಗೇ ಸಿಡಿಲಿನ ಏಟಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್. ಇದರ ವೈರುಗಳು ಗಿಡ್ಡ ಇರಬೇಕು, ಎಲ್ಲ ಸೇರಿ ಅರ್ಧ ಮೀಟರ್ ಒಳಗೆ. ಉದ್ದ ವೈರ್ ಸುತ್ತಿಸಿ ಹಾಕಿದರೆ ದುಡ್ಡು ಕೊಟ್ಟದ್ದು ದಂಡ. ಇದಕ್ಕೂ ಅರ್ಥಿಂಗ್ ಬೇಕು, ಸಿಡಿಲಿನ ಕರೆಂಟ್ ಹೋಗಬೇಕಾದ್ದು ನೆಲಕ್ಕೇ ಅಲ್ವಾ? ಅದರ ಮುಖದ ಮೇಲಿನ ಸಣ್ಣ ಕಿಟಕಿ ಹಸಿರಿದ್ದರೆ ಜೀವ ಇದೆ, ಕೆಂಪಾದರೆ ಒಳಗಿನ ತುಂಡು ಬದಲಾಯಿಸಬೇಕು. ಆದರೂ ಗುಡುಗು ಶುರುವಾದಾಗ ಟಿವಿ, ಮೋಡೆಮ್ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ. ತೀರಾ ಹತ್ತಿರ ಬಿದ್ದ ಸಿಡಿಲಿಗೆ ಯಾವ ಡಬ್ಬಿಯೂ ಖಾತ್ರಿ ಕೊಡುವುದಿಲ್ಲ.

ಅದಾದ ಮೇಲೆ ಆರ್‌ಸಿಸಿಬಿ. ಒಂದಲ್ಲ, ಎರಡು ಹಾಕಿಸಿ. ಬಚ್ಚಲು, ಪಂಪು, ಹೊರಗಿನ ದೀಪ ಒಂದಕ್ಕೆ. ಫ್ರಿಜ್ಜು, ಒಳಗಿನ ದೀಪ, ಫ್ಯಾನು ಇನ್ನೊಂದಕ್ಕೆ. ಹೀಗೆ ಮಾಡಿದರೆ ಮಳೆಯಲ್ಲಿ ಹೊರಗಿನ ದೀಪಕ್ಕೆ ನೀರು ಹೊಕ್ಕು ಬಿದ್ದರೂ ಮನೆಯಿಡೀ ಕತ್ತಲಾಗುವುದಿಲ್ಲ. ಒಂದು ನೆನಪಿಡಿ: ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳುವುದಿಲ್ಲ. ಅದಕ್ಕೆ ಎಂಸಿಬಿಯೇ ಬೇಕು. ಹಾಗಾಗಿ ಆರ್‌ಸಿಸಿಬಿಯ ಆಂಪಿಯರ್ ರೇಟಿಂಗ್ ಮೇನ್ ಎಂಸಿಬಿಗಿಂತ ಕಡಿಮೆ ಇರಬಾರದು.

ಎಂಸಿಬಿ ಆರಿಸುವುದು ವೈರ್ ನೋಡಿ. ದೀಪ ಫ್ಯಾನಿಗೆ 1.5 ಚದರ ಮಿಲಿಮೀಟರ್ ವೈರ್, 6 ಅಥವಾ 10 ಆಂಪಿಯರ್. ಸಾಕೆಟ್ಟುಗಳಿಗೆ, ಇಂಡಕ್ಷನ್ನಿಗೆ 2.5ರ ವೈರ್, 16 ಆಂಪಿಯರ್. ಗೀಸರ್, ಎಸಿಗೆ ಬೇರೆ ಬೇರೆ 4ರ ವೈರ್, 20 ಆಂಪಿಯರ್. ಮೇನಿಗೆ 10. ಪಂಪು, ಎಸಿಯಂಥ ಮೋಟಾರಿನ ಸಾಮಾನಿಗೆ ಸಿ ಕರ್ವ್ ಎಂಸಿಬಿ (ಶುರುವಿನ ಜಾಸ್ತಿ ಕರೆಂಟಿಗೆ ಬೀಳದ್ದು), ಉಳಿದದ್ದಕ್ಕೆ ಬಿ ಕರ್ವ್ (ಬೇಗ ಬೀಳುವುದು). ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ 16 ತೆಗೆದು 32 ಹಾಕಿಸಿಕೊಂಡವರು ಇದ್ದಾರೆ. ಈಗ ಬೀಳುವುದಿಲ್ಲ, ನಿಜ. ಗೋಡೆಯೊಳಗಿನ ವೈರ್ ಬಿಸಿಯಾಗುತ್ತದೆ, ಅಷ್ಟೇ.

ಹಳೆ ಮನೆಯಲ್ಲಿ ಅಲ್ಯುಮಿನಿಯಂ ವೈರ್ ಸಿಕ್ಕಿದರೆ ಅದಕ್ಕೆ ಹೊಸ ತಾಮ್ರ ಹೊಸೆದು ಟೇಪ್ ಸುತ್ತಬೇಡಿ. ಎರಡು ಲೋಹ, ನಡುವೆ ಉಪ್ಪಿನ ತೇವ, ಜಾಯಿಂಟು ಬಿಳಿ ಪುಡಿಯಾಗಿ ಸಡಿಲಾಗುತ್ತದೆ, ಬಿಸಿಯಾಗುತ್ತದೆ. ಪೂರ್ತಿ ಕಿತ್ತು ತಾಮ್ರ ಎಳೆಯುವುದೇ ಸರಿ.

ಇನ್ನು ಹಲ್ಲಿ. ನಗಬೇಡಿ. ಬೆಚ್ಚಗಿರುತ್ತದೆ ಅಂತ ಬೋರ್ಡಿನೊಳಗೆ ಬಂದು, ಎರಡು ಟರ್ಮಿನಲ್ ನಡುವೆ ಅಡ್ಡ ಮಲಗಿ, ತಾನೂ ಸತ್ತು ಕರೆಂಟನ್ನೂ ಕಡಿಯುತ್ತದೆ. ಕಡಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ, ಆ ಮಣ್ಣು ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಬೋರ್ಡಿನ ತಳದಲ್ಲಿ, ಬದಿಯಲ್ಲಿ ಬೇಡದ ತೂತು ಒಂದೂ ತೆರೆದಿರಬಾರದು. ವೈರ್ ಬರುವ ತೂತಿಗೆ ರಬ್ಬರ್ ಗ್ಲಾಂಡ್ ಹಾಕಿಸಿ. ಖಾಲಿ ಎಂಸಿಬಿ ಜಾಗಗಳಿಗೆ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಕೇಳಿ ತನ್ನಿ.

ಕೆಲಸದ ದಿನ

ಕಂಬದಿಂದ ಮೀಟರಿನವರೆಗೆ ಇರುವುದು ಹೆಸ್ಕಾಂ ಸೊತ್ತು. ಮೀಟರಿನ ಸೀಲ್ ನೀವೂ ಮುಟ್ಟಬಾರದು, ವೈರ್‌ಮನ್ನೂ ಮುಟ್ಟಬಾರದು. ಅದು ಕಾಯ್ದೆ ಪ್ರಕಾರ ಅಪರಾಧ. ಮೊದಲೇ ಸೆಕ್ಷನ್ ಆಫೀಸಿಗೆ ತಿಳಿಸಿ, ಲೈನ್‌ಮ್ಯಾನ್ ಬಂದು ಲೈನ್ ಬಿಡಿಸಿದ ಮೇಲೆ ಕೆಲಸ ಶುರುವಾಗಲಿ. ಇನ್ವರ್ಟರ್ ಇದ್ದರೆ ಅದನ್ನು ಆಫ್ ಮಾಡಿ, ಬ್ಯಾಟರಿಯ ಒಂದು ವೈರನ್ನೂ ಬಿಚ್ಚಿಡಿ. ಮೇನ್ ಹೋಗಿದೆ ಅಂತ ಕೈ ಹಾಕಿ, ಇನ್ವರ್ಟರಿನ ಕರೆಂಟಿಗೆ ಸಿಕ್ಕಿಬೀಳುವುದು ನಮ್ಮ ಕಸುಬಿನಲ್ಲಿ ಹಳೆಯ ಗಂಡಾಂತರ.

ಮರ ಬಿದ್ದು ಲೈನ್ ಹರಿಯುವ ಜೂನ್ ಮೊದಲ ವಾರಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಲೈನ್‌ಮ್ಯಾನುಗಳಿಗೆ ಆಗ ಹಗಲು ರಾತ್ರಿ ಇರುವುದಿಲ್ಲ. ಚೌತಿ ಗದ್ದಲ ಮುಗಿದ ಮೇಲೆ ಮೇ ತಿಂಗಳವರೆಗೆ ಯಾವಾಗ ಬೇಕಾದರೂ ಮಾಡಿಸಿ.

ಆರ್‌ಸಿಸಿಬಿ ಹಾಕಿದ ದಿನ ಹಳೆ ಮನೆಯಲ್ಲಿ ಗಲಾಟೆ ಆಗುವುದು ಖಂಡಿತ. ಆನ್ ಮಾಡಿದ ಕೂಡಲೇ ಬೀಳುತ್ತದೆ. ಮನೆಯವರು "ಡಿಫೆಕ್ಟ್ ಪೀಸು" ಅನ್ನುತ್ತಾರೆ. ಅದು ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಮುಖ್ಯವಾಗಿ ನೋಡಬೇಕಾದ್ದು ನ್ಯೂಟ್ರಲ್. ಹಿಂದಿನವರು ಎಲ್ಲ ಕೋಣೆಗೂ ಒಂದೇ ನ್ಯೂಟ್ರಲ್ ಓಡಿಸುತ್ತಿದ್ದರು. ಈಗ ಒಂದು ಆರ್‌ಸಿಸಿಬಿಯಿಂದ ಹೋದ ಕರೆಂಟ್ ಇನ್ನೊಂದರ ನ್ಯೂಟ್ರಲ್ಲಿನಲ್ಲಿ ವಾಪಸು ಬಂದರೆ ಎರಡೂ ಬೀಳುತ್ತವೆ. ಇನ್ವರ್ಟರಿನ ನ್ಯೂಟ್ರಲ್ ಮೇನಿಗೆ ಬೆರೆತಿದ್ದರೂ ಇದೇ ಪಾಡು. ಎಲ್ಲೋ ಒಂದು ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಜೋಡಿಸಿ "ಅರ್ಥಿಂಗ್ ಕೊಟ್ಟ" ಬುದ್ಧಿವಂತರೂ ಸಿಗುತ್ತಾರೆ. ಒಂದೊಂದೇ ಸರ್ಕೀಟಿನ ಫೇಸು, ನ್ಯೂಟ್ರಲ್ ಎರಡನ್ನೂ ಬಿಡಿಸಿ, ಮತ್ತೆ ಒಂದೊಂದೇ ಸೇರಿಸುತ್ತಾ ಹೋದರೆ ಕಳ್ಳ ಸಿಗುತ್ತಾನೆ.

ಅಕ್ಕೋರ ಮನೆಯಲ್ಲಿ ಎಲ್ಲ ಸರಿಯಾಗಿತ್ತು, ಮಳೆ ಬಂದಾಗ ಮಾತ್ರ ಹೊರಗಿನ ಆರ್‌ಸಿಸಿಬಿ ಬೀಳುತ್ತಿತ್ತು. ಹುಡುಕುತ್ತಾ ಹೋದರೆ ತುಳಸಿಕಟ್ಟೆಯ ದೀಪ. ಯಾವುದೋ ಕಾಲದಲ್ಲಿ ಅಂಗಳದ ಸೆಗಣಿ ನೆಲದ ಕೆಳಗೆ ಪೈಪಿಲ್ಲದೆ ಹೂತಿಟ್ಟ ವೈರ್. ಅಗೆದು ತೆಗೆದಾಗ ಮೇಲಿನ ಪಿವಿಸಿ ಸಿಪ್ಪೆ ಸೀಳಿ, ಒಳಗಿನ ತಾಮ್ರ ಹಸಿರಾಗಿ, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ದಿನಾ ಸಂಜೆ ಬರಿಗಾಲಲ್ಲಿ ಅದೇ ಜಾಗದಲ್ಲಿ ನಿಂತು ಅವರು ದೀಪ ಹಚ್ಚುತ್ತಿದ್ದರು. ಹಳೆ ಫ್ಯೂಸಿಗೆ ಈ ಸೋರಿಕೆ ಲೆಕ್ಕಕ್ಕೇ ಇರಲಿಲ್ಲ. ಪೈಪು ಹಾಕಿ ಹೊಸ ಕೇಬಲ್ ಎಳೆದೆವು.

ಅಳತೆ

ಕೆಲಸ ಮುಗಿದ ಮೇಲೆ ಮೆಗ್ಗರ್ ಹಾಕಿ ತೋರಿಸಲು ಹೇಳಿ. 500 ವೋಲ್ಟ್ ಡಿಸಿ ಕೊಟ್ಟು ವೈರಿಂಗಿನ ಇನ್ಸುಲೇಷನ್ ಅಳೆಯುವ ಯಂತ್ರ ಅದು. ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ವೈರಿಂಗಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬರುತ್ತದೆ. ಅಳೆಯುವ ಮುಂಚೆ ಎಲ್‌ಇಡಿ ದೀಪ, ಟಿವಿ ತೆಗೆದಿರಬೇಕು, ಸರ್ಜ್ ಪ್ರೊಟೆಕ್ಟರ್ ಬಿಡಿಸಿರಬೇಕು. ಇಲ್ಲದಿದ್ದರೆ ರೀಡಿಂಗೂ ತಪ್ಪು, ಸಾಮಾನಿಗೂ ಪೆಟ್ಟು. ಪ್ರತಿ ಸಾಕೆಟ್ಟಿನಲ್ಲೂ ಫೇಸ್ ಬಲಕ್ಕಿದೆಯೇ, ಮೇಲಿನ ದೊಡ್ಡ ತೂತಿಗೆ ಅರ್ಥ್ ಬಂದಿದೆಯೇ ನೋಡಿಸಿ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಅದು ಬೀಳಬೇಕು. ಬಿದ್ದರೆ ಒಳಗಿನ ಯಂತ್ರ ಸರಿ ಇದೆ ಅಂತ ಅರ್ಥ, ಅಷ್ಟೇ. ಅರ್ಥಿಂಗ್ ಸರಿ ಇದೆ ಅಂತ ಅರ್ಥವಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಆ ಬಟನ್ ಕೆಲಸ ಮಾಡುತ್ತದೆ.

ಕಾಗದ ಮತ್ತು ತಪಾಸಣೆ

ಕಂತ್ರಾಟುದಾರನಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರಬೇಕು. ಅದರ ಅವಧಿ ಮುಗಿದಿಲ್ಲವೇ ನೋಡಿ, ಕೇಳಲು ಸಂಕೋಚ ಬೇಡ. ಕೆಲಸ ಒಬ್ಬ ಮಾಡಿ, ಕಂಪ್ಲೀಷನ್ ರಿಪೋರ್ಟಿಗೆ (ಕೆಲಸ ಮುಗಿದ ವರದಿ) ಸಹಿ ಮನೆಯ ಮುಖವನ್ನೇ ನೋಡದ ಇನ್ನೊಬ್ಬ ಹಾಕುವ ಪದ್ಧತಿ ಕೆಲವು ಕಡೆ ಇದೆ. ನಾಳೆ ಏನಾದರೂ ಆದರೆ ಆ ಸಹಿ ಹಾಕಿದವನು ಸಿಗುವುದಿಲ್ಲ.

ಲೋಡ್ ಏರಿಸಲು ಹೆಸ್ಕಾಂಗೆ ಕೊಡುವ ಅರ್ಜಿಯ ಜೊತೆ ಹಿಂದಿನ ಬಿಲ್ಲು, ಗುರುತಿನ ಚೀಟಿ, ಮನೆಯ ದಾಖಲೆ, ವೈರಿಂಗ್ ನಕ್ಷೆ, ಕಂಪ್ಲೀಷನ್ ರಿಪೋರ್ಟ್ ಕೊಡಬೇಕು, ಹೆಚ್ಚುವರಿ ಲೋಡಿಗೆ ಠೇವಣಿ ಕಟ್ಟಬೇಕು. ನಮ್ಮ ಕಡೆ ನಿಜವಾಗಿ ಕೆಲಸ ನಿಲ್ಲುವುದು ಬೇರೆ ಕಾರಣಕ್ಕೆ. ಆರ್‌ಆರ್ ನಂಬರ್ ತೀರಿಹೋದ ಅಜ್ಜನ ಹೆಸರಲ್ಲಿರುತ್ತದೆ, ಮನೆ ಇನ್ನೂ ಹಿಸ್ಸೆ ಆಗಿರುವುದಿಲ್ಲ. ಹೆಸರು ಬದಲಾವಣೆಗೆ ಮೊದಲೇ ಅರ್ಜಿ ಹಾಕಿ, ಅಣ್ಣತಮ್ಮಂದಿರ ಒಪ್ಪಿಗೆ ಬೇಕಾದರೆ ಎಲ್ಲರೂ ಊರಿಗೆ ಬರುವ ಚೌತಿಯಲ್ಲೇ ಸಹಿ ಮಾಡಿಸಿಟ್ಟುಕೊಳ್ಳಿ. ಬಾಕಿ ಬಿಲ್ಲಿದ್ದರೆ ತೀರಿಸಿ.

ಸಾಮಾನ್ಯ ಮನೆಗೆ ತಪಾಸಣೆಗೆ ಬರುವುದು ಹೆಸ್ಕಾಂ ಸೆಕ್ಷನ್ ಆಫೀಸಿನವರು. 15 ಮೀಟರಿಗಿಂತ ಎತ್ತರದ ಕಟ್ಟಡ, ಸ್ವಂತ ಟ್ರಾನ್ಸ್‌ಫಾರ್ಮರ್ ಇಂಥವಕ್ಕೆ ಪರಿವೀಕ್ಷಣಾಲಯದ ಒಪ್ಪಿಗೆಯೂ ಬೇಕು. ಬಂದವರು ನೋಡುವುದು ಕಷ್ಟದ್ದೇನಲ್ಲ. ಅರ್ಜಿಯಲ್ಲಿ ಬರೆದ ಲೋಡೂ ಮನೆಯಲ್ಲಿರುವ ಸಾಮಾನೂ ತಾಳೆ ಆಗುತ್ತದೆಯೇ, ಡಬಲ್ ಪೋಲ್ ಮೇನ್ ಇದೆಯೇ, ಆರ್‌ಸಿಸಿಬಿ ಇದೆಯೇ, ಅರ್ಥ್ ಗುಂಡಿ ಎಲ್ಲಿ, ಮೀಟರ್ ಜಾಗ ಸರಿ ಇದೆಯೇ, ಎಲ್ಲಾದರೂ ತೆರೆದ ಜಾಯಿಂಟ್ ಇದೆಯೇ. ಅವರು ಬರುವ ಮೊದಲು ಅರ್ಥ್ ಚೇಂಬರಿನ ಮೇಲೆ ಪೇರಿಸಿದ ತೆಂಗಿನಕಾಯಿ ರಾಶಿ ತೆಗೆಸಿ, ಮುಚ್ಚಳ ಎತ್ತಿಡಿ. ಹಳೆ ಹಲಗೆ ಬೋರ್ಡು, ಅದರಿಂದ ನೇತಾಡುವ ವೈರುಗಳನ್ನು ಪೂರ್ತಿ ಕಿತ್ತುಹಾಕಿಸಿ. "ನೆನಪಿಗೆ ಇರಲಿ" ಅಂತ ಬಿಟ್ಟರೆ ಅದರಲ್ಲಿ ಕರೆಂಟ್ ಇದೆಯೋ ಇಲ್ಲವೋ ಎನ್ನುವ ಪ್ರಶ್ನೆ ಬರುತ್ತದೆ. ಎಂಸಿಬಿ ಒಂದೊಂದರ ಕೆಳಗೂ ಕನ್ನಡದಲ್ಲಿ ಚೀಟಿ ಅಂಟಿಸಿ: ಬಚ್ಚಲ ಗೀಸರ್, ಬಾವಿ ಪಂಪು, ಜಗುಲಿ ದೀಪ. ಮೆಗ್ಗರ್ ಮತ್ತು ಅರ್ಥ್ ರೀಡಿಂಗ್ ಬರೆದ ಹಾಳೆಯ ಒಂದು ಪ್ರತಿ ಬೋರ್ಡಿನ ಬಾಗಿಲೊಳಗೇ ಇರಲಿ.

ಏನಾದರೂ ತಕರಾರು ಹೇಳಿದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ, ಬರೆದು ಕೊಡಲು ಕೇಳಿ. ಬರೆದು ಕೊಟ್ಟದ್ದನ್ನು ಸರಿಮಾಡಿ ಮತ್ತೆ ಕರೆಯುವುದು ಸುಲಭ. ಬಾಯಿಮಾತಿನಲ್ಲಿ ಹೇಳಿದ್ದು ಮುಂದಿನ ಸಲ ಬೇರೆಯೇ ಆಗಿರುತ್ತದೆ.

ಲೋಡ್ ಮಂಜೂರಾದ ಮೇಲೆ ಬರುವ ಮೊದಲ ಬಿಲ್ಲಿನಲ್ಲಿ ಹೊಸ ಕಿಲೋವ್ಯಾಟ್ ನಮೂದಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಸೆಕ್ಷನ್ ಆಫೀಸಿಗೆ ಹೋಗಿ, ಇಲ್ಲವೇ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಒಂದು ಮಳೆಗಾಲ ಕಳೆದ ಮೇಲೆ ವೈರ್‌ಮನ್ ಕರೆಸಿ ಬೋರ್ಡಿನ ಸ್ಕ್ರೂಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿ, ಮೊದಲ ವರ್ಷ ಅವು ಸಡಿಲಾಗುವುದು ಮಾಮೂಲು.